ಜಾಂಬಿಯಾದ ಪಚ್ಚೆ ಮತ್ತು ಭಾವನ 5 ಲಕ್ಷ

ಹೋದ ವಾರ ಊಟಕ್ಕೆ ಕೂತಿದ್ದಾಗ ಭಾವ ಫೋನ್ ಮಾಡಿದರು. ಅವರಿಗೆ ಗೊತ್ತಿರುವ ಒಬ್ಬರು ಜಾಂಬಿಯಾದಲ್ಲಿ ಪಚ್ಚೆ ಗಣಿಯ ಲೈಸೆನ್ಸ್ ಹಿಡಿದಿದ್ದಾರಂತೆ, ಚಿಕ್ಕ ಗಣಿಯಂತೆ, ತಲೆಗೆ 5 ಲಕ್ಷ ಹಾಕಿದರೆ ಎರಡು ವರ್ಷದಲ್ಲಿ ದುಪ್ಪಟ್ಟಂತೆ. "ನೀನು ಕಲ್ಲು ಗಿಲ್ಲು ಅಂತ ಓದ್ತಾ ಇರ್ತೀಯಲ್ಲ, ಸ್ವಲ್ಪ ನೋಡಿ ಹೇಳು" ಅಂದರು. ಆ 'ಅಂತೆ'ಗಳನ್ನೆಲ್ಲ ಕೇಳುವಷ್ಟರಲ್ಲಿ ತಟ್ಟೆಯಲ್ಲಿದ್ದ ಅನ್ನ ಆರಿತು.

ನನಗೂ ಪಚ್ಚೆಗೂ ಹಳೇ ಜಗಳ. ಅಮ್ಮನಿಗೆ ಬುಧನ ದೆಸೆಗೆ ಅಂತ ತಾತ ಮಾಡಿಸಿಕೊಟ್ಟ ಉಂಗುರ ಒಂದಿತ್ತು. ತೊಳೆಸೋಣ ಅಂತ ಒಂದು ಅಂಗಡಿಗೆ ಕೊಟ್ಟೆ. ಅವರು ಅಲ್ಟ್ರಾಸಾನಿಕ್ ಮಷೀನಿಗೆ, ಅಂದರೆ ಶಬ್ದದ ಅಲೆಯಿಂದ ತೊಳೆಯುವ ಮಷೀನಿಗೆ ಹಾಕಿದರು. ವಾಪಸ್ ಬಂದಾಗ ಕಲ್ಲಿನೊಳಗೆ ಬಿಳಿ ಗೀರುಗಳು! ಒಡೆದಿದ್ದಲ್ಲ. ಬಿರುಕು ಮೊದಲಿಂದಲೇ ಇತ್ತು, ಅದನ್ನು ಮುಚ್ಚಿದ್ದ ಎಣ್ಣೆ ಹೊರಟುಹೋಗಿತ್ತು, ಅಷ್ಟೆ. ಪೇಟೆಗೆ ಬರುವ ಬಹುತೇಕ ಪಚ್ಚೆಗಳಿಗೆ ಸೀಡರ್ ಮರದ ಎಣ್ಣೆಯನ್ನೋ ರಾಳವನ್ನೋ ಕುಡಿಸಿರುತ್ತಾರೆ. ಅದು ಆ ವ್ಯಾಪಾರದ ರೂಢಿ, ಮೋಸ ಅಲ್ಲ. ಹೇಳದೆ ಮಾರಿದರೆ ಮೋಸ. ಅಮ್ಮ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಬೇಜಾರು.

ಇರಲಿ, ಜಾಂಬಿಯಾಕ್ಕೆ ಬರೋಣ. ಭಾವ ಹೇಳಿದ ದೇಶ ಮಾತ್ರ ಸುಳ್ಳಲ್ಲ. ಅಲ್ಲಿನ ಕಾಪರ್‌ಬೆಲ್ಟ್ ಪ್ರಾಂತ್ಯದಲ್ಲಿ, ಲುಫ್ವಾನ್ಯಾಮಾ ಜಿಲ್ಲೆಯಲ್ಲಿ ಕಗೆಮ್ ಅಂತ ಒಂದು ಗಣಿ ಇದೆ, ಜಗತ್ತಿನ ಅತಿ ದೊಡ್ಡ ಪಚ್ಚೆ ಗಣಿ ಅಂತ ಹೆಸರು. ಅದರಲ್ಲಿ 75% ಪಾಲು ಜೆಮ್‌ಫೀಲ್ಡ್ಸ್ ಕಂಪನಿಯದು, ಉಳಿದ 25% ಜಾಂಬಿಯಾ ಸರ್ಕಾರದ್ದು. 2021ರಲ್ಲಿ ಅಲ್ಲಿ 7,525 ಕ್ಯಾರಟ್‌ನ ಒಂದು ಕಲ್ಲು ಸಿಕ್ಕಿತು. ಅಂದರೆ ಒಂದೂವರೆ ಕಿಲೋ, ನಮ್ಮನೆ ಒಗ್ಗರಣೆ ಡಬ್ಬಿಗಿಂತ ಭಾರ. ಅದಕ್ಕೆ ಬೆಂಬಾ ಭಾಷೆಯಲ್ಲಿ ಚಿಪೆಂಬೆಲೆ, ಅಂದರೆ ಖಡ್ಗಮೃಗ ಅಂತ ಹೆಸರಿಟ್ಟರು. ಅದಕ್ಕೂ ಮೊದಲು, 2018ರಲ್ಲಿ ಸಿಕ್ಕಿದ್ದ ಇಂಕಲಾಮು, ಅಂದರೆ ಸಿಂಹ, ಅದನ್ನು ಹರಾಜಿನಲ್ಲಿ ಕೊಂಡಿದ್ದು ಒಂದು ಭಾರತದ ಕಂಪನಿ. ಜಾಂಬಿಯಾದ ಪಚ್ಚೆ ಜೈಪುರದಲ್ಲಿ ರಾಶಿ ರಾಶಿ ಕಟ್ ಆಗುತ್ತದೆ, ನಮ್ಮ ಅಂಗಡಿಗಳಿಗೂ ಅಲ್ಲಿಂದಲೇ ಬರುತ್ತದೆ.

ನನಗೆ ಇಷ್ಟವಾಗುವುದು ಅದು ಹುಟ್ಟುವ ಬಗೆ. ಪಚ್ಚೆಗೆ ಬೆರಿಲಿಯಂ ಬೇಕು, ಹಸಿರಿಗೆ ಕ್ರೋಮಿಯಂ ಬೇಕು. ಇವೆರಡೂ ಸಾಮಾನ್ಯವಾಗಿ ಒಂದೇ ಬಂಡೆಯಲ್ಲಿ ಇರುವುದಿಲ್ಲ, ಜಗಳ ಆಡಿಕೊಂಡ ಬೀಗರ ಹಾಗೆ. ಕ್ರೋಮಿಯಂ ಇರುವ ಶಿಸ್ಟ್ ಬಂಡೆಯೊಳಗೆ ಬೆರಿಲಿಯಂ ಹೊತ್ತ ಪೆಗ್ಮಟೈಟ್ ಅನ್ನುವ ಕರಗಿದ ಬಂಡೆ ಬಿಸಿಬಿಸಿಯಾಗಿ ನುಗ್ಗಿದಾಗ, ಎರಡೂ ತಾಗಿದ ಕಡೆ ಮಾತ್ರ ಪಚ್ಚೆ. ಗಣಿಯಲ್ಲಿ ಅಲ್ಲಿವರೆಗೂ ದೊಡ್ಡ ದೊಡ್ಡ ಮಷೀನು ಅಗೆಯುತ್ತದೆ. ಆ ಪಟ್ಟಿ ಕಂಡ ಕೂಡಲೇ ಮಷೀನು ನಿಲ್ಲಿಸಿ, ಸುತ್ತಿಗೆ ಉಳಿ ಹಿಡಿದವರು ಮಂಡಿಯೂರಿ ಕೂತು ಕರಿ ಬಂಡೆಯನ್ನು ಸ್ವಲ್ಪ ಸ್ವಲ್ಪವೇ ಬಿಡಿಸುತ್ತಾರೆ.

ಇಲ್ಲೇ ದುಡ್ಡಿನ ಕಥೆ. ಮಣ್ಣು ಎತ್ತುವ ಖರ್ಚು ದಿನಾ ಇರುತ್ತದೆ, ಒಳ್ಳೆ ಕಲ್ಲು ದಿನಾ ಸಿಗುವುದಿಲ್ಲ. ಸಿಕ್ಕಿದ್ದರಲ್ಲೂ ಮೇಲ್ದರ್ಜೆಯದು ಚೂರು, ಆದಾಯ ಬರುವುದು ಹೆಚ್ಚಾಗಿ ಆ ಚೂರಿನಿಂದಲೇ. ಇಷ್ಟು ದೊಡ್ಡ ಕಂಪನಿಯೇ 2025ರ ಶುರುವಿನಲ್ಲಿ ಕೆಲವು ತಿಂಗಳು ಕಗೆಮ್‌ನಲ್ಲಿ ಅಗೆಯುವುದನ್ನು ನಿಲ್ಲಿಸಿತ್ತು. ಬೇರೆಯವರ ಕಲ್ಲು ಕಡಿಮೆ ರೇಟಿಗೆ ಪೇಟೆಗೆ ಬಂದು ಬೆಲೆ ಬಿದ್ದಿತ್ತು. ಅದೇ ಹೊತ್ತಿಗೆ ಜಾಂಬಿಯಾ ಸರ್ಕಾರ, ಮೊದಲು ತಡೆಹಿಡಿದಿದ್ದ 15% ರಫ್ತು ಸುಂಕವನ್ನು ಮತ್ತೆ ಹಾಕಿತು. 6% ರಾಯಲ್ಟಿ, ಅಂದರೆ ತೆಗೆದ ಕಲ್ಲಿಗೆ ಸರ್ಕಾರ ಕೇಳುವ ಪಾಲು, ಮೊದಲೇ ಇತ್ತು. ಲಾಭ ಬರಲಿ ಬಿಡಲಿ, ವ್ಯಾಪಾರದ ಮೇಲೇ 21%! ಕೆಲವೇ ತಿಂಗಳಲ್ಲಿ ಆ ಸುಂಕವನ್ನು ಮತ್ತೆ ತಡೆಹಿಡಿದರು, ಅದು ಬೇರೆ ಮಾತು. ಆ ವರ್ಷವೇ ಕಂಪನಿ ಶೇರುದಾರರ ಹತ್ತಿರ ಹೊಸದಾಗಿ ದುಡ್ಡು ಎತ್ತಬೇಕಾಯಿತು.

ಅವರಿಗೇ ಹೀಗಾದರೆ ಭಾವನ 5 ಲಕ್ಷದ ಗತಿ ಏನು? ಅದಕ್ಕೂ ಮೊದಲು ಒಂದು ವಿಷಯ ಇದೆ. ಜಾಂಬಿಯಾದಲ್ಲಿ ಕೈಯಲ್ಲಿ ಅಗೆಯುವ ಪುಟ್ಟ ಗಣಿಯ ಲೈಸೆನ್ಸ್ ಆ ದೇಶದ ಪ್ರಜೆಗಳಿಗೇ ಮೀಸಲು. ಹೊರಗಿನವರು ಸ್ವಂತ ಹೆಸರಿನಲ್ಲಿ ಹಿಡಿಯಲು ಆಗುವುದಿಲ್ಲ. ಇನ್ಯಾರದೋ ಹೆಸರಲ್ಲಿದ್ದರೆ ನಾಳೆ ಆ ಇನ್ಯಾರೋ "ನೀವು ಯಾರು?" ಅಂದರೆ ಮುಗಿಯಿತು.

ಆಸೆ ತಡೆಯಲೇ ಆಗದಿದ್ದರೆ ಜೆಮ್‌ಫೀಲ್ಡ್ಸ್ ಶೇರು ಜೋಹಾನ್ಸ್‌ಬರ್ಗ್, ಲಂಡನ್ ಎರಡೂ ಕಡೆ ಸಿಗುತ್ತದೆ. ಆದರೆ ಅದರ ಜೊತೆ ಮೊಜಾಂಬಿಕ್‌ನ ಮಾಣಿಕ್ಯದ ಗಣಿ, ಅಲ್ಲಿನ ಗಲಾಟೆ ಎಲ್ಲವೂ ಗಂಟು ಬೀಳುತ್ತದೆ. ನಾನಂತೂ ಕೊಂಡಿಲ್ಲ. ಕಲ್ಲನ್ನೇ ಕೊಂಡು ಇಟ್ಟುಕೊಳ್ಳೋಣ ಅಂದರೆ ಚಿನ್ನದ ಹಾಗೆ ಇವತ್ತಿನ ರೇಟು ಇಷ್ಟು ಅಂತ ಬೋರ್ಡ್ ಇರುವುದಿಲ್ಲ. ಕೊಂಡ ಅಂಗಡಿಯೇ ವಾಪಸ್ ಕೊಡಲು ಹೋದರೆ ಮುಖ ಸಿಂಡರಿಸುತ್ತದೆ.

ಭಾವನಿಗೆ ಇದನ್ನೆಲ್ಲ ಹೇಳಿದೆ, ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಕಾಪಿ ತರಿಸಿಕೊಳ್ಳಿ ಅಂತಲೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ನಿಮ್ಮಕ್ಕನಿಗೆ ಒಂದು ಪಚ್ಚೆ ಉಂಗುರ ಮಾಡಿಸ್ಲಾ?" ಅಂದರು.

"ಮಾಡಿಸಿ ಭಾವ. ಎಣ್ಣೆ ಎಷ್ಟಿದೆ ಅಂತ ಲ್ಯಾಬ್ ರಿಪೋರ್ಟ್ ಕೇಳಿ. ತೊಳೆಯೋಕೆ ಮಾತ್ರ ಮಷೀನಿಗೆ ಹಾಕಿಸ್ಬೇಡಿ."