ಆರಿದ ಬೆಳಕು

ವಿಶ್ವಕ್ಕೆ ಸುಮಾರು 3,80,000 ವರ್ಷ ತುಂಬಿದಾಗ ಅದರ ಉಷ್ಣತೆ 3,000 ಕೆಲ್ವಿನ್‌ಗೆ ಇಳಿದು, ಅಲ್ಲಿಯವರೆಗೆ ಬಿಡಿಯಾಗಿ ಅಲೆಯುತ್ತ ಬೆಳಕನ್ನು ಅಡ್ಡಗಟ್ಟುತ್ತಿದ್ದ ಎಲೆಕ್ಟ್ರಾನುಗಳು ಪ್ರೋಟಾನುಗಳೊಡನೆ ಕೂಡಿ ಹೈಡ್ರೋಜನ್ ಪರಮಾಣುಗಳಾದವು. ಬೆಳಕಿಗೆ ದಾರಿ ತೆರೆಯಿತು. ಅಂದಿನಿಂದ ವಿಶ್ವವು ಸುಮಾರು 1,100 ಪಟ್ಟು ಹಿಗ್ಗಿರುವುದರಿಂದ ಅದೇ ಬೆಳಕು ಇಂದು 2.725 ಕೆಲ್ವಿನ್‌ನ ಮೈಕ್ರೋವೇವ್ ವಿಕಿರಣವಾಗಿ ನಮ್ಮನ್ನು ತಲುಪುತ್ತಿದೆ. (1964ರಲ್ಲಿ ಇದನ್ನು ಕಂಡ ರೇಡಿಯೋ ಖಗೋಳಜ್ಞರಾದ ಪೆಂಜಿಯಸ್ ಮತ್ತು ವಿಲ್ಸನ್, ಮೊದಲು ಇದು ಪಾರಿವಾಳದ ಹಿಕ್ಕೆಯಿಂದಾದ ಗದ್ದಲವೆಂದು ಶಂಕಿಸಿ ತಮ್ಮ ಆಂಟೆನಾವನ್ನೇ ತೊಳೆದಿದ್ದರು!)

ನಿನ್ನೆ ರಾತ್ರಿ ನನ್ನ ನಿದ್ದೆಗೆಡಿಸಿದ್ದು ಬೇರೆಯೇ ಪ್ರಶ್ನೆ: ಹೀಗೆ ತಣ್ಣಗಾಗುತ್ತ ಆ ಬೆಳಕಿನ ಕಣಗಳು, ಅಂದರೆ ಫೋಟಾನುಗಳು, ಕಳೆದುಕೊಂಡ ಶಕ್ತಿ ಎಲ್ಲಿಗೆ ಹೋಯಿತು? ಒಲೆಯಿಂದ ಇಳಿಸಿದ ಹಾಲು ಆರಿದರೆ ಅದರ ಶಾಖ ಅಡುಗೆಮನೆಯ ಗಾಳಿಯನ್ನು ಸೇರುತ್ತದೆ. ವಿಶ್ವಕ್ಕೆ ಅಂಥ ಅಡುಗೆಮನೆಯೇ ಇಲ್ಲ. ಹಿಗ್ಗುತ್ತಿರುವ ವಿಶ್ವದಲ್ಲಿ ಒಟ್ಟು ಶಕ್ತಿ ಉಳಿಯಲೇಬೇಕೆಂಬ ನಿಯಮವಿಲ್ಲ ಎಂಬ, ಐನ್‌ಸ್ಟೈನರ ಗುರುತ್ವ ಸಿದ್ಧಾಂತವಾದ ಸಾಮಾನ್ಯ ಸಾಪೇಕ್ಷತೆಯ ಉತ್ತರವು, ಶಕ್ತಿ ಸಂರಕ್ಷಣೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ ನನಗೆ ಇನ್ನೂ ಜೀರ್ಣವಾಗಿಲ್ಲ.