ನಿಂತ ಕಾರಿಗೆ ಬೇರೆ ತಲೆ: ಮಂಡ್ಯದಿಂದ ಮೂರು ವಾರದ ವರದಿ

ಮೊದಲ ಭಾನುವಾರ

ಶುಕ್ರವಾರ ಸಂಜೆ ಪಾಂಡವಪುರದಿಂದ ಬರುವಾಗ ಕಾರು ನಿಂತಿತು. ಮುಂದೆ ಕಬ್ಬಿನ ಟ್ರ್ಯಾಕ್ಟರ್, ಹಿಂದೆ ಕಬ್ಬಿನ ಟ್ರ್ಯಾಕ್ಟರ್, ನಡುವೆ ನಾನು. ಒಂದು ತಿಂಗಳಿಂದ ಇದೇ ಕಾಟ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಗಕ್ಕನೆ ಆಫ್ ಆಗುತ್ತಿತ್ತು. ಅರ್ಧ ಗಂಟೆ ಸುಮ್ನೆ ಬಿಟ್ಟರೆ ಏನೂ ಆಗಿಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತಿತ್ತು. ಈ ಸಲ ಎರಡು ಗಂಟೆ ಕಾದರೂ ಏಳಲಿಲ್ಲ.

ಗಾಡಿ 2002ರ ಮಾಡೆಲ್, ಕೆಎ 11 ನಂಬರ್, ಅಪ್ಪ ಕೊಂಡಿದ್ದು. ಒಂದು ಲೀಟರಿನ ಪೆಟ್ರೋಲ್ ಇಂಜಿನ್, ನಾಲ್ಕು ಸಿಲಿಂಡರ್, ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಎಂಪಿಎಫ್‌ಐ. ಕಂಪನಿ ಹೆಸರು ಬೇಡ ಬಿಡಿ. ಇಪ್ಪತ್ತು ವರ್ಷ ದುಡಿದ ಗಾಡಿ ಕೆಟ್ಟಿತು ಅಂತ ಮಾಡಿದವರನ್ನು ಬೈಯೋದು ನ್ಯಾಯ ಅಲ್ಲ.

ಮೊದಲು ಗುತ್ತಲು ರಸ್ತೆಯ ಗ್ಯಾರೇಜಿಗೆ ಎಳೆಸಿದೆ. ಮೆಕ್ಯಾನಿಕ್ ಕೀ ತಿರುಗಿಸಿ ಒಂದು ಕ್ಷಣ ಕಿವಿಗೊಟ್ಟು ಕೇಳಿದ. ಬಾನೆಟ್ ಕೂಡ ತೆಗೆಯಲಿಲ್ಲ. "ಇಸಿಎಂ ಹೋಗ್ಬುಟ್ಟದೆ ಸಾ" ಅಂದ. ಇಸಿಎಂ ಅಂದರೆ ಇಂಜಿನ್ನನ್ನು ನಡೆಸುವ ಕಂಪ್ಯೂಟರ್, ಗಾಡಿಯ ತಲೆ. ನನಗೆ ಕೋಪ ಬಂತು. ಕಾರಣ ಸಿಗದಿದ್ದಾಗ ಇಸಿಎಂ ಅಂದುಬಿಡೋದು ಸುಲಭ, ಅಲ್ವಾ? ಇಬ್ಬರು ಹುಡುಗರನ್ನು ಕರೆದು ಗಾಡಿ ಮನೆಗೆ ತಳ್ಳಿಸಿಕೊಂಡು ಬಂದೆ. ಅವನ ಮಾತು ಸುಳ್ಳು ಅಂತ ತೋರಿಸುವುದೇ ಈ ಕೆಲಸದ ಶುರು.

ಎರಡನೇ ಭಾನುವಾರ

ಇಡೀ ದಿನ ಮೀಟರ್ ಹಿಡಿದು ಕೂತೆ. ಈಗಿನ ಗಾಡಿಗಳ ಹಾಗೆ ಸ್ಕ್ಯಾನರ್ ಸಿಕ್ಕಿಸಲು ಇದರಲ್ಲಿ 16 ಪಿನ್ನಿನ ಸಾಕೆಟ್ ಇಲ್ಲ. ಚೆಕ್ ಲೈಟ್ ಎಷ್ಟು ಸಲ ಮಿಣುಕುತ್ತದೆ ಅಂತ ಎಣಿಸಿ ಕೋಡ್ ಓದಬೇಕು. ನನ್ನ ಗಾಡಿಯಲ್ಲಿ ಆ ಲೈಟೇ ಹತ್ತುತ್ತಿರಲಿಲ್ಲ.

ಅದೇ ಮೊದಲ ಸುಳಿವು. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ. ಆದರೆ ಪ್ಲಗ್ಗಿಗೆ ಕರೆಂಟ್ ಇಲ್ಲ, ಇಂಜೆಕ್ಟರ್ ಟಿಕ್ ಟಿಕ್ ಇಲ್ಲ, ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ ಎರಡು ಸೆಕೆಂಡ್ ಗುಯ್ ಅನ್ನುವ ಪೆಟ್ರೋಲ್ ಪಂಪೂ ಸುಮ್ಮನಿದೆ. ಇಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಮಾತ್ರ ಹೋಗಿದ್ದರೆ ಕರೆಂಟ್, ಇಂಜೆಕ್ಟರ್ ನಿಲ್ಲುತ್ತವೆ ನಿಜ. ಆದರೂ ಕೀ ಆನ್ ಮಾಡಿದ ತಕ್ಷಣ ಪಂಪ್ ಒಮ್ಮೆ ಗುಯ್ ಅನ್ನಲೇಬೇಕು, ಚೆಕ್ ಲೈಟ್ ಹತ್ತಲೇಬೇಕು. ಎಲ್ಲವೂ ಒಟ್ಟಿಗೆ ಸತ್ತಿವೆ ಅಂದರೆ ಎಲ್ಲಕ್ಕೂ ಸೇರಿದ ಜಾಗದಲ್ಲೇ ತೊಂದರೆ. ಒಂದೋ ಇಸಿಎಂಗೆ ಹೋಗುವ ಕರೆಂಟ್, ಇಲ್ಲ ಅದರ ಅರ್ತ್, ಇಲ್ಲ ಇಸಿಎಂ.

ಮೊದಲಿನ ಎರಡರಲ್ಲಿ ಒಂದಾಗಿರಲಿ ಅಂತ ನನ್ನ ಆಸೆ. ಫ್ಯೂಸ್ ಸರಿ. ಇಸಿಎಂಗೆ ಕರೆಂಟ್ ಬಿಡುವ ಮೇನ್ ರಿಲೇ ಟಕ್ ಅಂತು. ಎಡಗಡೆ ಡ್ಯಾಶ್‌ಬೋರ್ಡ್ ಕೆಳಗಿರುವ ಇಸಿಎಂ ಕಪ್ಲರಿನ (ವೈರುಗಳನ್ನು ಸಿಕ್ಕಿಸುವ ಕನೆಕ್ಟರಿನ) ಹಿಂದಿನಿಂದ ಪಿನ್ ಚುಚ್ಚಿ ನೋಡಿದರೆ 12.4 ವೋಲ್ಟ್ ಇದೆ. ಅರ್ತ್ ನೋಡುವಾಗ ಒಂದು ಮಾತು. ಬರೀ ಓಮ್ ಅಳೆದರೆ ಸಾಲದು. ಒಂದೇ ಒಂದು ಎಳೆ ಉಳಿದ ವೈರೂ ಮೀಟರಿನಲ್ಲಿ ಸರಿ ಅಂತಲೇ ತೋರಿಸುತ್ತದೆ. ಸೆಲ್ಫ್ ಹೊಡೆಯುತ್ತಿರುವಾಗ ಅರ್ತ್ ಪಿನ್ನಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ ವೋಲ್ಟ್ ಅಳೆಯಬೇಕು. 0.1ಕ್ಕಿಂತ ಕಡಿಮೆ ಇದ್ದರೆ ಸರಿ. ನನ್ನದು 0.03. ಅಲ್ಲಿಗೆ ಆಸೆಯೂ ಮುಗಿಯಿತು.

ಉಳಿದದ್ದು 5 ವೋಲ್ಟ್. ಬ್ಯಾಟರಿಯ 12 ವೋಲ್ಟನ್ನು ಇಸಿಎಂ ತನ್ನೊಳಗೆ 5 ಮಾಡಿಕೊಂಡು ಆಕ್ಸಿಲರೇಟರ್ ಎಷ್ಟು ಒತ್ತಿದೆ ಅಂತ ತಿಳಿಸುವ ಥ್ರಾಟಲ್ ಸೆನ್ಸರ್, ಇಂಜಿನ್ನಿಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ಗಳಿಗೂ ಹಂಚುತ್ತದೆ. ಥ್ರಾಟಲ್ ಕಪ್ಲರಿನಲ್ಲಿ ಸಿಕ್ಕಿದ್ದು 0.7 ವೋಲ್ಟ್. ಇಲ್ಲಿ ಬಹಳ ಜನ ಎಡವುತ್ತಾರೆ. ಯಾವುದೋ ಒಂದು ಸೆನ್ಸರ್ ಒಳಗೆ ಶಾರ್ಟ್ ಆಗಿದ್ದರೂ ಅದು 5 ವೋಲ್ಟನ್ನು ಕೆಳಗೆ ಎಳೆಯುತ್ತದೆ, ಬೈಗುಳ ಮಾತ್ರ ಇಸಿಎಂಗೆ. ಒಂದೊಂದೇ ಸೆನ್ಸರ್ ಕಳಚುತ್ತಾ ಹೋದೆ. ಎಲ್ಲ ಕಳಚಿದರೂ 0.7 ಅಲುಗಲಿಲ್ಲ.

ಬ್ಯಾಟರಿ ಮೈನಸ್ ತೆಗೆದು ಇಸಿಎಂ ಬಿಚ್ಚಿದೆ. ಮುಚ್ಚಳ ತೆರೆದ ಕೂಡಲೇ ಹಳಸಿದ ಮೀನಿನ ವಾಸನೆ. ಬೋರ್ಡಿನ ಮೇಲಿನ ಕೆಪಾಸಿಟರ್ ಒಳಗಿನ ರಸ ಸೋರಿದರೆ ಹೀಗೇ ವಾಸನೆ ಬರುತ್ತದೆ. ಅದರ ಬುಡದಲ್ಲಿ ತಾಮ್ರದ ಗೆರೆ ಕರಗಿ ಕೂದಲಿನಷ್ಟಾಗಿದೆ. ಬಿಸಿಗೆ ಬಿಟ್ಟುಕೊಂಡು ತಣ್ಣಗಾದಾಗ ಕೂಡುತ್ತಿದ್ದದ್ದು ಬಹುಶಃ ಇದೇ. ಬೋರ್ಡಿನ ಮೂಲೆಯಲ್ಲಿ ಹಸಿರು ಕಿಲುಬು ಕೂಡ ಇತ್ತು. ಅದನ್ನು ನೋಡಿಯೂ ಅದರ ಬಗ್ಗೆ ಯೋಚಿಸಲಿಲ್ಲ, ತಪ್ಪು ನನ್ನದೇ.

ಬುಧವಾರ ರಾತ್ರಿ

ಬೋರ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹಳೇ ಹಲ್ಲುಜ್ಜುವ ಬ್ರಷ್ ಹಿಡಿದು ತೊಳೆದೆ. 105 ಡಿಗ್ರಿ ಬಿಸಿ ತಡೆಯುವ ಹೊಸ ಕೆಪಾಸಿಟರ್ ಹಾಕಿ, ಹೋದ ಗೆರೆಗೆ ಸಣ್ಣ ವೈರ್ ಬೆಸುಗೆ ಕೊಟ್ಟೆ. ಕೀ ಆನ್. ಚೆಕ್ ಲೈಟ್ ಹತ್ತಿತು, ಪಂಪ್ ಗುಯ್ ಅಂತು, ಅರ್ಧ ಸುತ್ತಿಗೇ ಸ್ಟಾರ್ಟ್! ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. "ಬೆಳಗ್ಗೆ ನೋಡಿದ್ರೆ ಆಗ್ತಿರಲಿಲ್ವಾ" ಅಂದಳು.

ಐಡ್ಲಿಂಗ್ ಮಾತ್ರ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವ ವೇಗ, ಏರುತ್ತಾ ಇಳಿಯುತ್ತಾ ಇತ್ತು. ಇರಲಿ ಅಂದುಕೊಂಡೆ.

ಶುಕ್ರವಾರ

ನೂರಡಿ ರಸ್ತೆಯಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿಂದ ಹೊಗೆ.

ಮೂರನೇ ಶನಿವಾರ

ಬೋರ್ಡಿನಲ್ಲಿ ಹೊರಗಿನ ಭಾಗಗಳಿಗೆ ಕರೆಂಟ್ ಬಿಡುವ ಒಂದು ಡ್ರೈವರ್ ಚಿಪ್ ಸುಟ್ಟು ಕರಕಲಾಗಿತ್ತು. ಇನ್ನು ರಿಪೇರಿ ಸಾಕು, ಬೇರೆ ಇಸಿಎಂ ತರೋಣ ಅಂತ ಬೆಳಗ್ಗೆ ರೈಲು ಹತ್ತಿ ಬೆಂಗಳೂರಿಗೆ ಹೋದೆ. ಶಿವಾಜಿನಗರದ ಗುಜರಿಯಲ್ಲಿ ನನ್ನ ಮಾಡೆಲ್ಲಿನವು ಮೂರು ಸಿಕ್ಕಿದವು. ಹೊರಗಿನಿಂದ ಮೂರೂ ಒಂದೇ. ಆದರೆ ಸ್ಟಿಕರ್ ಮೇಲಿನ ಪಾರ್ಟ್ ನಂಬರ್ ಕೊನೆಯ ಅಕ್ಷರದ ತನಕ ಹೊಂದಬೇಕು. ಒಂದರದ್ದು ಹೊಂದಲಿಲ್ಲ. ಇನ್ನೊಂದು ಇಮೊಬಿಲೈಸರ್ ಇರುವ ಗಾಡಿಯದ್ದು. ಅದಕ್ಕೆ ಆ ಗಾಡಿಯ ಕೀಯೊಳಗಿನ ಚಿಪ್ ಗುರುತು ಸಿಗದಿದ್ದರೆ ಇಂಜಿನ್ ಸ್ಟಾರ್ಟ್ ಮಾಡಲು ಬಿಡುವುದಿಲ್ಲ. ಮೂರನೆಯದು ಸರಿಯಾಗಿತ್ತು. ಅಂಗಡಿಯವರು ಆರು ಸಾವಿರ ಅಂದರು, ಮೂರೂವರೆಗೆ ಕೊಟ್ಟರು. ಮುಚ್ಚಳ ಬಿಚ್ಚಿ ಮೂಸಿ ನೋಡಿದೆ. ಅವರು ನನ್ನನ್ನು ವಿಚಿತ್ರವಾಗಿ ನೋಡಿದರು.

ಮೂರನೇ ಭಾನುವಾರ

ತಂದದ್ದನ್ನು ಹಾಕಲಿಲ್ಲ. ಹಳೆಯದು ಯಾಕೆ ಸುಟ್ಟಿತು ಅಂತ ಗೊತ್ತಾಗದೆ ಹಾಕಿದರೆ ಇನ್ನೊಂದು ಮೂರೂವರೆ ಸಾವಿರಕ್ಕೆ ಬೆಂಕಿ ಇಟ್ಟ ಹಾಗೆ. ಸುಟ್ಟ ಚಿಪ್ಪಿನಿಂದ ಹೊರಟ ಗೆರೆ ಹಿಡಿದು ಹೋದರೆ ಸೇರಿದ್ದು ಐಡ್ಲಿಂಗ್ ವೇಗಕ್ಕೆ ತಕ್ಕಷ್ಟು ಗಾಳಿ ಬಿಡುವ ಐಡಲ್ ವಾಲ್ವಿನ ಪಿನ್ನಿಗೆ. ಸ್ನೇಹಿತನ ಹತ್ತಿರ ಇದೇ ಮಾಡೆಲ್ ಇದೆ. ಅವನ ವಾಲ್ವಿನ ಕಾಯಿಲ್ 30 ಓಮ್ ತೋರಿಸಿತು. ನನ್ನದು 4. ಲೆಕ್ಕ ಹಾಕಿ: 12 ವೋಲ್ಟಿಗೆ ಅವನದ್ದು ಎಳೆಯುವುದು 0.4 ಆಂಪ್, ನನ್ನದು 3. ಚಿಪ್ ಪಾಪ ಏನು ಮಾಡೀತು. ಬುಧವಾರ ರಾತ್ರಿ ಐಡ್ಲಿಂಗ್ ಕುಣಿದಾಗಲೇ ನಾನು ಇದನ್ನು ಅಳೆಯಬೇಕಿತ್ತು. ಇಂಜೆಕ್ಟರುಗಳನ್ನೂ ಅಳೆದೆ, ನಾಲ್ಕೂ 13ರ ಆಸುಪಾಸು, ಸರಿ ಇವೆ.

ಹೊಸ ವಾಲ್ವ್ ತರಿಸಿದೆ. ಆಮೇಲೆ ಆ ಹಸಿರು ಕಿಲುಬು ನೆನಪಾಯಿತು. ನೀರು ಎಲ್ಲಿಂದ ಬಂತು? ಎಡಗಡೆ ಕಾರ್ಪೆಟ್ ಎತ್ತಿ ಅಡಿಗೆ ಕೈ ಹಾಕಿದರೆ ತೇವ. ಮಗಳನ್ನು ಟಾರ್ಚ್ ಕೊಟ್ಟು ಒಳಗೆ ಮಲಗಿಸಿದೆ. ನಾನು ಹೊರಗೆ ನಿಂತು ಗಾಜಿನ ಮೇಲೆ ಚೊಂಬಿನಿಂದ ನೀರು ಹುಯ್ದೆ. ಒಂದು ಚೊಂಬು, ಎರಡು ಚೊಂಬು, ಏನಿಲ್ಲ. ಐದನೇ ಚೊಂಬಿಗೆ "ಅಪ್ಪಾ, ನನ್ ಮೂಗಿನ್ ಮೇಲೆ ಬಿತ್ತು!"

ವೈಪರ್ ಕೆಳಗಿನ ಜಾಲರಿ ತೆಗೆದರೆ ಒಳಗೆ ಹೊಂಗೆ ಎಲೆಯ ಗೊಬ್ಬರ. ಎಷ್ಟೋ ವರ್ಷದಿಂದ ಮನೆ ಮುಂದಿನ ಹೊಂಗೆ ಮರದ ಕೆಳಗೇ ಗಾಡಿ ನಿಲ್ಲಿಸುತ್ತೇನೆ, ನೆರಳು ಅಂತ. ನೀರು ಹೋಗುವ ತೂತು ಕಟ್ಟಿಕೊಂಡು, ಮಳೆ ನೀರೆಲ್ಲ ಬ್ಲೋವರ್ ಗೂಡಿನಿಂದ ಒಳಗಿಳಿದು ನೇರ ಇಸಿಎಂ ತಲೆ ಮೇಲೆ. ಅರ್ಧ ಬಕೆಟ್ ಎಲೆ ತೆಗೆದೆ. ಹೆಂಡತಿ ಅದನ್ನು ದಾಸವಾಳದ ಬುಡಕ್ಕೆ ಹಾಕಿದಳು.

ಸಂಜೆ ನಾಲ್ಕಕ್ಕೆ ವಾಲ್ವ್, ಆಮೇಲೆ ಇಸಿಎಂ, ಕೊನೆಗೆ ಬ್ಯಾಟರಿ ಮೈನಸ್. ಸ್ಟಾರ್ಟ್ ಆಯಿತು. ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟೆ. ನಿಮಿಷಕ್ಕೆ 850 ಸುತ್ತಿಗೆ ಬಂದು ಕೂತಿತು, ಕುಣಿತ ಇಲ್ಲ.

ಮಂಗಳವಾರ

ಬಿಸಿಯಲ್ಲಿ ನೋಡಬೇಕಿತ್ತು, ಅದಕ್ಕೆ ಮೇಲುಕೋಟೆ ಬೆಟ್ಟ ಹತ್ತಿಸಿದೆ. ಮೇಲೆ ನಿಲ್ಲಿಸಿ, ಆಫ್ ಮಾಡಿ ಆನ್ ಮಾಡಿ ನಾಲ್ಕು ಸಲ ನೋಡಿದೆ. ನಾಲ್ಕೂ ಸಲ ಎದ್ದಿತು. ಪುಳಿಯೋಗರೆ ಕಟ್ಟಿಸಿಕೊಂಡು ವಾಪಸ್ ಬರುತ್ತಾ ಗುತ್ತಲು ರಸ್ತೆಗೆ ತಿರುಗಿಸಿದೆ. ತಪ್ಪು ಒಪ್ಪಿಕೊಳ್ಳಬೇಕಲ್ಲ.

ಮೆಕ್ಯಾನಿಕ್ ಪೂರ್ತಿ ಕಥೆ ಕೇಳಿದ. ಪುಳಿಯೋಗರೆ ಪೊಟ್ಟಣ ಬಿಚ್ಚುತ್ತಾ, "ಐಡಲ್ ವಾಲ್ವ್ ಬದಲಾಯ್ಸುದ್ರಾ ಸಾ? ಇಲ್ದಿದ್ರೆ ಇದ್ನೂ ತಿಂದಾಕ್ಬುಡ್ತದೆ" ಅಂದ.

"ಅದನ್ನ ಅವತ್ತೇ ಹೇಳಬಾರದಿತ್ತಾ?"

"ಹೇಳವ ಅಂತ್ಲೇ ಇದ್ದೆ. ನೀವು ಗಾಡಿ ತಳ್ಸ್ಕೊಂಡು ಹೊಂಟೋದ್ರಲ್ಲ."

ಪೆಟ್ರೋಲ್ ಮುಳ್ಳು ಇನ್ನೂ ಸುಳ್ಳು ಹೇಳುತ್ತಿದೆ. ಮುಂದಿನ ಭಾನುವಾರ ಅದು. ಈ ಸಲ ಮೊದಲು ಗ್ಯಾರೇಜಿಗೆ ಹೋಗಿ ಕೇಳಿಕೊಂಡು ಬರುತ್ತೇನೆ.