ಸಂಗಾತಿ ವೀಸಾಕ್ಕೆ ಉಳಿತಾಯ ತೋರಿಸುವವರ ಕಡತಗಳಿಂದ

ಮೈಸೂರಿನ ನನ್ನ ಆಡಿಟ್ ಕಚೇರಿಗೆ ವೀಸಾದ ಕೆಲಸ ಬರಲು ಶುರುವಾದದ್ದು ವಿದ್ಯಾರ್ಥಿಗಳಿಂದ. ಮಗ ಬ್ರಿಟನ್ನಿಗೆ ಓದಲು ಹೊರಟಿದ್ದಾನೆ, ಹಣಕಾಸಿನ ಕಾಗದಪತ್ರ ಸಿದ್ಧಮಾಡಿಕೊಡಿ ಎಂದು ತಂದೆಯರು ಬರುತ್ತಿದ್ದರು. ಆ ಹುಡುಗರಲ್ಲಿ ಕೆಲವರು ಅಲ್ಲಿಯೇ ಕೆಲಸ ಹಿಡಿದು ಕಾಯಂ ನೆಲೆಸಿದರು, ಊರಿಗೆ ಬಂದು ಮದುವೆಯಾದರು. ಈಗ ಅದೇ ತಂದೆಯರು ಸೊಸೆಯ ವೀಸಾಕ್ಕೆ ಬರುತ್ತಾರೆ. ಬರುವಾಗ ಹಳೆಯ ನಿಯಮವನ್ನೂ ತಲೆಯಲ್ಲಿ ಇಟ್ಟುಕೊಂಡೇ ಬರುತ್ತಾರೆ: ‘ಹಣ 28 ದಿನ ಖಾತೆಯಲ್ಲಿದ್ದರೆ ಸಾಕಲ್ಲವೇ ಸರ್?’

ಸಾಲದು. 28 ದಿನ ವಿದ್ಯಾರ್ಥಿ ವೀಸಾದ ಲೆಕ್ಕ. ಸಂಗಾತಿ ವೀಸಾಕ್ಕೆ ಉಳಿತಾಯ ತೋರಿಸುವುದಾದರೆ ಅರ್ಜಿಯ ದಿನದಿಂದ ಹಿಂದಕ್ಕೆ ಪೂರ್ತಿ ಆರು ತಿಂಗಳು ಆ ಹಣ ಖಾತೆಯಲ್ಲಿ ಕುಳಿತಿರಬೇಕು. 28 ಎಂಬ ಸಂಖ್ಯೆ ಇಲ್ಲಿಯೂ ಬರುತ್ತದೆ, ಆದರೆ ಬೇರೆ ಕಾರಣಕ್ಕೆ: ಬ್ಯಾಂಕ್ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕೆ 28 ದಿನಕ್ಕಿಂತ ಹಳೆಯದಾಗಿರಬಾರದು. ಎರಡು ಕಡೆಯೂ ಒಂದೇ ಸಂಖ್ಯೆ ಇರುವುದರಿಂದ ಆಗುವ ಗೊಂದಲ ಅಷ್ಟಿಷ್ಟಲ್ಲ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಈ ಲೆಕ್ಕವೆಲ್ಲ ಬ್ರಿಟಿಷ್ ಪೌರರ ಅಥವಾ ಅಲ್ಲಿ ಕಾಯಂ ವಾಸದ ಹಕ್ಕು ಪಡೆದವರ ಪತಿ ಪತ್ನಿಯರಿಗೆ. ಮಗ ಕೆಲಸದ ವೀಸಾದಲ್ಲಿದ್ದು ಸೊಸೆ ಅವಲಂಬಿತಳಾಗಿ ಹೋಗುವುದಾದರೆ ದಾರಿಯೇ ಬೇರೆ, ಅಲ್ಲಿ ಇಷ್ಟು ಹಣ ಕೇಳುವುದಿಲ್ಲ. ಸುಮ್ಮನೆ ಗಾಬರಿಯಾಗಿ ನಿವೇಶನ ಮಾರಲು ಹೊರಟವರನ್ನು ನಾನು ತಡೆದದ್ದುಂಟು.

ಸಂಗಾತಿಯನ್ನು ಕರೆಸಿಕೊಳ್ಳುವವರ ಕನಿಷ್ಠ ಆದಾಯದ ಮಿತಿಯನ್ನು 2012ರ ಜುಲೈನಲ್ಲಿ ವರ್ಷಕ್ಕೆ 18,600 ಪೌಂಡ್ ಎಂದು ಇಟ್ಟರು. 2024ರ ಏಪ್ರಿಲ್ 11ರಿಂದ ಹೊಸ ಅರ್ಜಿದಾರರಿಗೆ ಅದು 29,000 ಆಯಿತು. ಸಂಬಳ ಅಷ್ಟಿಲ್ಲದಿದ್ದರೆ ಕೊರತೆಯನ್ನು ಎರಡೂವರೆಯಿಂದ ಗುಣಿಸಿ, ಅದಕ್ಕೆ 16,000 ಕೂಡಿಸಿ, ಬಂದಷ್ಟು ಉಳಿತಾಯ ತೋರಿಸಬೇಕು. ಎರಡೂವರೆ ಏಕೆಂದರೆ ಒಂದು ಅವಧಿಯ ಅನುಮತಿ ಎರಡೂವರೆ ವರ್ಷದ್ದು. 16,000 ಏಕೆಂದರೆ ಅಲ್ಲಿ ಅಷ್ಟು ಉಳಿತಾಯ ಉಳ್ಳವರಿಗೆ ಆದಾಯ ಆಧಾರಿತ ಸರ್ಕಾರಿ ನೆರವು ಸಿಗುವುದಿಲ್ಲ. ಆದಾಯವೇ ಇಲ್ಲದಿದ್ದರೆ ಮೊತ್ತ 88,500 ಪೌಂಡ್, ಕೋಟಿ ರೂಪಾಯಿಯ ಆಸುಪಾಸು.

ಈ ಸೂತ್ರದಲ್ಲಿ ಒಂದು ವಿಚಿತ್ರವಿದೆ. ಹುಡುಗನ ಸಂಬಳ 25,000 ಇದ್ದರೆ 26,000 ಪೌಂಡ್ ಉಳಿತಾಯ ಬೇಕು. ಸಂಬಳ 28,900 ಇದ್ದರೆ? ಕೊರತೆ ಬರೀ ನೂರು ಪೌಂಡ್, ಆದರೂ 16,250 ತೋರಿಸಬೇಕು. ಇಂಥ ಕಡತ ಬಂದಾಗ ಬ್ಯಾಂಕಿಗೆ ಓಡಬೇಡಿ, ಹುಡುಗನಿಗೆ ಫೋನ್ ಮಾಡಿ ಸಂಬಳ ಸ್ವಲ್ಪ ಏರಿಸಿಕೊಳ್ಳಲು ಹೇಳಿ ಎನ್ನುತ್ತೇನೆ. ಏರಿದ ಸಂಬಳಕ್ಕೂ ಸಾಮಾನ್ಯವಾಗಿ ಆರು ತಿಂಗಳ ವೇತನ ಚೀಟಿಗಳು ಬೇಕು, ಅದು ಸರಿ. ಆದರೆ ಹದಿನೆಂಟು ಇಪ್ಪತ್ತು ಲಕ್ಷ ಹೊಂದಿಸುವುದಕ್ಕಿಂತ ಅದು ಹಗುರ. ಅವನು ಸ್ವಂತ ವ್ಯಾಪಾರ ಮಾಡುತ್ತಿದ್ದರೆ ಮಾತ್ರ ಈ ಬೆರಕೆ ನಡೆಯುವುದಿಲ್ಲ: ವ್ಯಾಪಾರದ ಆದಾಯದ ಜೊತೆ ಉಳಿತಾಯವನ್ನು ಕೂಡಿಸಲು ನಿಯಮ ಬಿಡುವುದಿಲ್ಲ.

ಬೆಂಗಳೂರಿನಲ್ಲಿ ಒಳ್ಳೆಯ ಸಂಬಳ ತೆಗೆದುಕೊಳ್ಳುವ ಹುಡುಗಿಯರಿಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಇಲ್ಲಿಂದ ಅರ್ಜಿ ಹಾಕುವಾಗ ಆಕೆಯ ಸಂಬಳ ಲೆಕ್ಕಕ್ಕೇ ಇಲ್ಲ. ಆದರೆ ಆಕೆಯ ಉಳಿತಾಯ ಪೈಸೆ ಪೈಸೆಯೂ ಲೆಕ್ಕಕ್ಕಿದೆ, ಹಣ ಭಾರತದ ಬ್ಯಾಂಕಿನಲ್ಲೇ ಇದ್ದರೂ ಸರಿಯೇ.

ನಮ್ಮ ಕುಟುಂಬಗಳಲ್ಲಿ ಹಣವೇನೋ ಇರುತ್ತದೆ, ಬೇಕಾದವರ ಹೆಸರಿನಲ್ಲಿ ಇರುವುದಿಲ್ಲ. ಅಪ್ಪನ ಎಫ್‌ಡಿ, ಅಮ್ಮನ ಒಡವೆ, ಅಜ್ಜನ ಮನೆ. ವೀಸಾಕ್ಕೆ ಬೇಕಾದದ್ದು ಗಂಡ ಅಥವಾ ಹೆಂಡತಿಯ ಹೆಸರಿನಲ್ಲಿ, ಇಲ್ಲವೇ ಇಬ್ಬರ ಜಂಟಿ ಹೆಸರಿನಲ್ಲಿರುವ ನಗದು. ತಂದೆತಾಯಿ ದಾನವಾಗಿ ಕೊಡಬಹುದು. ಕೊಟ್ಟ ದಿನದಿಂದ ಆರು ತಿಂಗಳ ಎಣಿಕೆ ಶುರು.

ಕೊಡುವುದು ಯಾರ ಖಾತೆಗೆ ಎಂಬುದರ ಬಗ್ಗೆ ಯಾರೂ ಯೋಚಿಸುವುದಿಲ್ಲ. ಮಾವ ಸೊಸೆಗೆ ದಾನ ಕೊಟ್ಟರೆ ದಾನಕ್ಕೆ ತೆರಿಗೆ ಇಲ್ಲ, ಆದರೆ ಆ ಹಣದ ಬಡ್ಡಿ ಮಾವನ ಆದಾಯಕ್ಕೇ ಸೇರುತ್ತದೆ. ಮಗನಿಗೆ ಕೊಟ್ಟರೆ ಹಾಗೆ ಸೇರುವುದಿಲ್ಲ, ಆದರೆ ಅವನು ಅನಿವಾಸಿ, ಇಲ್ಲಿ ಕೊಡುವ ಹಣ ಅವನ ಎನ್‌ಆರ್‌ಒ ಖಾತೆಗೆ, ಎಂದರೆ ಅನಿವಾಸಿಗಳ ರೂಪಾಯಿ ಖಾತೆಗೆ ಹೋಗಬೇಕು. ಹುಡುಗಿಗೆ ಅವಳ ತವರಿನವರೇ ಕೊಟ್ಟರೆ ಈ ಎರಡೂ ತಾಪತ್ರಯ ಇಲ್ಲ. ಹಾಗೆಂದು ನಾನು ಬೀಗರ ಮುಂದೆ ಬಾಯಿ ಬಿಡುವುದಿಲ್ಲ. ಅದು ಬೇರೆ ಹೆಸರಿನ ಬೇಡಿಕೆಯಾಗಿ ಕೇಳಿಸುವ ಅಪಾಯವಿದೆ.

ನಿವೇಶನ ಮಾರಿದ ಹಣದ ಕಡತಗಳೇ ಎಲ್ಲಕ್ಕಿಂತ ಹೆಚ್ಚು ಕಾಡುತ್ತವೆ. ನಿವೇಶನ ಗಂಡ ಅಥವಾ ಹೆಂಡತಿಯ ಹೆಸರಿನಲ್ಲೇ ಇದ್ದಿದ್ದರೆ ಒಡೆತನದ ಅವಧಿಯೂ ಆರು ತಿಂಗಳಿಗೆ ಸೇರುತ್ತದೆ, ಮಾರಿ ಹಣ ಖಾತೆಗೆ ಬಂದ ಮೇಲೆ ಮತ್ತೆ ಕಾಯಬೇಕಿಲ್ಲ. ಅಪ್ಪನ ಹೆಸರಿನದಾದರೆ ಆ ಸೌಲಭ್ಯವಿಲ್ಲ. ಕ್ರಯಪತ್ರದಲ್ಲಿ ಬರೆದದ್ದಷ್ಟೇ ಸಾಕ್ಷಿ. ಮಾರ್ಗಸೂಚಿ ದರಕ್ಕೆ ನೋಂದಣಿ ಮಾಡಿಸಿ ಉಳಿದದ್ದನ್ನು ಕೈಗೆ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿ ಎಷ್ಟು ಸಹಜವಾಗಿದೆಯೆಂದರೆ, ‘ಅರ್ಧ ಚೆಕ್ಕಿನಲ್ಲಿ, ಅರ್ಧ ಕೈಯಲ್ಲಿ’ ಎಂದು ನನ್ನ ಮೇಜಿನ ಮುಂದೆಯೇ ನಿಸ್ಸಂಕೋಚವಾಗಿ ಹೇಳುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯಿದೆ ನಿಷೇಧಿಸುತ್ತದೆ, ಅದು ಒಂದು. ಉಳಿತಾಯ ಎಲ್ಲಿಂದ ಬಂತು ಎಂದು ಖಾತೆದಾರರು ಸಹಿ ಹಾಕಿ ಘೋಷಿಸಬೇಕು, ಆ ಅರ್ಧಕ್ಕೆ ಬರೆಯಲು ಏನೂ ಇರುವುದಿಲ್ಲ, ಅದು ಇನ್ನೊಂದು. ಇದಲ್ಲದೆ ಬಂದ ಹಣದಲ್ಲಿ ಬಂಡವಾಳ ಲಾಭದ ತೆರಿಗೆಯ ಪಾಲು ಸರ್ಕಾರದ್ದು. ಅದನ್ನು ಮೊದಲೇ ಬೇರೆ ತೆಗೆದಿಡದಿದ್ದರೆ ಮುಂಗಡ ತೆರಿಗೆಯ ಕಂತು ಕಟ್ಟುವ ದಿನ ಶಿಲ್ಕು ಮಿತಿಯ ಕೆಳಗೆ ಇಳಿಯುತ್ತದೆ.

ಇಳಿಯಬಾರದು ಎಂಬುದೇ ಇಲ್ಲಿನ ಕಟ್ಟುನಿಟ್ಟು. ಸರಾಸರಿ ನೋಡುವುದಿಲ್ಲ, ಆರು ತಿಂಗಳಲ್ಲಿ ಶಿಲ್ಕು ಅತಿ ಕಡಿಮೆ ಇದ್ದ ದಿನವನ್ನು ನೋಡುತ್ತಾರೆ. ಹೆಚ್ಚುವರಿ ಹಣ ತಾನಾಗಿಯೇ ಠೇವಣಿಗೆ ಹೋಗುವ ಖಾತೆಯಾದರೆ ಸ್ಟೇಟ್‌ಮೆಂಟ್‌ನಲ್ಲಿ ಹಣ ಮಾಯವಾದಂತೆ ಕಾಣುತ್ತದೆ, ಆ ಠೇವಣಿಗಳ ವಿವರವನ್ನೂ ಬ್ಯಾಂಕಿನಿಂದ ಪಡೆದು ಲಗತ್ತಿಸಬೇಕು. ದಂಡ ಕಟ್ಟಿಯಾದರೂ ಕೂಡಲೇ ಮುರಿಯಬಹುದಾದ ಎಫ್‌ಡಿ ನಡೆಯುತ್ತದೆ. ಐದು ವರ್ಷದ ತೆರಿಗೆ ಉಳಿತಾಯದ ಎಫ್‌ಡಿ ನಡೆಯುವುದಿಲ್ಲ. ಪಿಪಿಎಫ್, ಚಿನ್ನ ಯಾವುದೂ ಬರುವುದಿಲ್ಲ. ಎಫ್‌ಡಿಯ ಮೇಲೆ ಸಾಲ ಪಡೆದಿದ್ದರೆ ಆ ಎಫ್‌ಡಿಯನ್ನು ಮರೆತುಬಿಡಿ. ಮ್ಯೂಚುವಲ್ ಫಂಡನ್ನು ಅರ್ಜಿಗೆ ಮೊದಲು ನಗದು ಮಾಡಿ, ಆರು ತಿಂಗಳ ಆರಂಭದಲ್ಲಿ ಅದು ತಮ್ಮ ಹೆಸರಿನಲ್ಲಿತ್ತು, ಇಷ್ಟು ಬೆಲೆಬಾಳುತ್ತಿತ್ತು ಎಂಬ ವರದಿ ಇಟ್ಟರೆ ಆಯಿತು.

ರೂಪಾಯಿಯನ್ನು ಪೌಂಡಿಗೆ ಬದಲಿಸುವ ದರ ಅರ್ಜಿ ಹಾಕಿದ ದಿನದ್ದು, ಒವಾಂಡಾ ಜಾಲತಾಣದ್ದು. ಆದ್ದರಿಂದ ಕರಾರುವಾಕ್ಕಾಗಿ 88,500ಕ್ಕೆ ಸರಿಹೊಂದುವಷ್ಟು ಇಟ್ಟುಕೊಂಡು ಕೂರುವುದು ಜೂಜು. ಎಂಟು ಹತ್ತು ಪ್ರತಿಶತ ಹೆಚ್ಚಿಗೆ ಇಡಿ ಎನ್ನುತ್ತೇನೆ. ವೀಸಾ ಶುಲ್ಕ, ಅದರ ಜೊತೆ ವರ್ಷಕ್ಕೆ 1,035 ಪೌಂಡಿನಂತೆ ಮೂರು ವರ್ಷದ ಲೆಕ್ಕದಲ್ಲಿ 3,105 ಪೌಂಡ್ ಆರೋಗ್ಯ ಶುಲ್ಕ, ಇವನ್ನು ಬೇರೆ ಖಾತೆಯಿಂದ ಕಟ್ಟಿ.

ನನ್ನ ಕೆಲಸ ಹಣದ ಕಾಗದಪತ್ರದವರೆಗೆ ಮಾತ್ರ. ಅರ್ಜಿಯ ಕಾನೂನನ್ನು ಅಲ್ಲಿನ ನೋಂದಾಯಿತ ಸಲಹೆಗಾರರನ್ನೇ ಕೇಳಬೇಕು. ಆದರೆ ದಾನದ ಘೋಷಣೆ ಬರೆಯುವಾಗ ಒಂದು ಪ್ರಶ್ನೆಯನ್ನು ನಾನು ತಪ್ಪದೇ ಕೇಳುತ್ತೇನೆ: ಈ ಹಣ ವಾಪಸ್ ಬರಬೇಕೇ? ವೀಸಾ ಬಂದ ಮೇಲೆ ಕೊಡುತ್ತಾರೆ ಸರ್, ತೋರಿಸುವುದಕ್ಕಷ್ಟೇ ಎಂಬ ಉತ್ತರ ಬಂದರೆ ಅದು ಸಾಲ, ಸಾಲದ ಹಣವನ್ನು ಈ ನಿಯಮ ಒಪ್ಪುವುದಿಲ್ಲ. ಆಗ ಪೆನ್ನು ಕೆಳಗಿಡುತ್ತೇನೆ. ಕೆಲವರು ಬೇರೆ ಆಡಿಟರನ್ನು ಹುಡುಕಿಕೊಂಡು ಹೋಗುತ್ತಾರೆ. ಕೆಲವರು ಮನೆಗೆ ಹೋಗಿ ಮಾತಾಡಿ, ನಿಜವಾಗಿಯೂ ಕೊಟ್ಟುಬಿಡಲು ತೀರ್ಮಾನಿಸಿ ಬರುತ್ತಾರೆ. ಅಂಥವರಿಗೆ ಮುಂದಿನ ಹಂತವನ್ನೂ ಹೇಳುತ್ತೇನೆ: ಎರಡೂವರೆ ವರ್ಷದ ಆಸುಪಾಸಿನಲ್ಲಿ ವಿಸ್ತರಣೆ ಬರುತ್ತದೆ, ಆಗ ಸೊಸೆ ಅಲ್ಲಿ ದುಡಿಯುತ್ತಿದ್ದರೆ ಇಬ್ಬರ ಸಂಬಳವೂ ಕೂಡುತ್ತದೆ, ಠೇವಣಿಯ ಅಗತ್ಯ ಬಹುಮಟ್ಟಿಗೆ ಬೀಳುವುದಿಲ್ಲ. ಆಗಲೂ ಉಳಿತಾಯವನ್ನೇ ನಂಬುವುದಾದರೆ ಅದೇ ಸೂತ್ರ, ಮತ್ತೆ ಆರು ತಿಂಗಳು. ಐದು ವರ್ಷದ ನಂತರ ಕಾಯಂ ವಾಸಕ್ಕೆ ಹಾಕುವಾಗ ಮಾತ್ರ ಎರಡೂವರೆಯ ಗುಣಾಕಾರ ಹೋಗುತ್ತದೆ, ಆದಾಯವಿಲ್ಲದವರಿಗೆ 45,000 ಪೌಂಡ್ ಸಾಕು.